ಎಡಗೈಯ ಗಡಿಯಾರ

ದಾಳಿಂಬ ಎಂಬ ಊರಿನ ಓಟಗಾರ್ತಿಯ ಗಡಿಯಾರ ಸುಳ್ಳು ಹೇಳುತ್ತಿದೆ ಎಂಬ ಅನುಮಾನ ನನಗೆ ಬಂದದ್ದು ಸೋಯಾಬೀನ್ ರಾಶಿ ಮುಗಿದು ತೊಗರಿ ಹೂ ಬಿಡುವ ಹೊತ್ತಿಗೆ. ಎಂಟುನೂರು ಮೀಟರ್ ಓಟದಲ್ಲಿ ಅವಳು ವಾರದಿಂದ ವಾರಕ್ಕೆ ನಿಧಾನವಾಗುತ್ತಿದ್ದಳು. ಗಡಿಯಾರ ಮಾತ್ರ ದಿನಾ ಬೆಳಿಗ್ಗೆ, ಈ ದೇಹಕ್ಕೆ ದಣಿವು ಎಂಬುದೇ ಗೊತ್ತಿಲ್ಲ ಅನ್ನುವಂತೆ ಹಸಿರು ಬಣ್ಣ ತೋರಿಸುತ್ತಿತ್ತು. ಎರಡರಲ್ಲಿ ಒಂದು ಸುಳ್ಳಾಗಿರಬೇಕು. ಕಾಲು ಸುಳ್ಳು ಹೇಳಿದ್ದನ್ನು ನಾನು ಈವರೆಗೆ ಕಂಡಿಲ್ಲ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಪೊಲೀಸ್ ಭರ್ತಿಗೆ, ಅಂದರೆ ನೇಮಕಾತಿಗೆ, ಹುಡುಗ ಹುಡುಗಿಯರನ್ನು ಓಡಿಸಿ ತಯಾರು ಮಾಡುವ ಒಂದು ಅಕಾಡೆಮಿಗೆ ಮರಾಠಿ ಸೀಮೆಯ ಗಡಿ ಊರುಗಳಾದ ಉಮರ್ಗಾ, ನಿಲಂಗಾ, ಉದಗೀರಗಳಲ್ಲಿ ಶಾಖೆಗಳಿವೆ. ಮೂರೂ ಕಡೆಯ ತರಬೇತಿ ಯೋಜನೆ ನೋಡಿಕೊಳ್ಳುವವಳು ನಾನು. ಮೊದಲು ಗೋಡೆಗೆ ಅಂಟಿಸಿದ ಒಂದೇ ಚಾರ್ಟ್ ನೋಡಿ ಎಲ್ಲರೂ ಓಡುತ್ತಿದ್ದರು. ಜ್ವರ ಬಂದವನಿಗೂ ಅಷ್ಟೇ ಸುತ್ತು, ಹುಲಿಯಂತಿದ್ದವನಿಗೂ ಅಷ್ಟೇ ಸುತ್ತು. ಈಗ ಪ್ರತಿಯೊಬ್ಬರ ಮಣಿಕಟ್ಟಿಗೂ ಒಂದು ಗಡಿಯಾರವಿದೆ. ಅದರ ಬೆನ್ನಲ್ಲಿರುವ ಸಣ್ಣ ದೀಪ ಚರ್ಮದ ಕೆಳಗೆ ಹರಿಯುವ ರಕ್ತದ ಮಿಡಿತವನ್ನು ಓದುತ್ತದೆ. ಬೆಳಿಗ್ಗೆ ಗುಂಡಿ ಒತ್ತಿ ಮೂರು ನಿಮಿಷ ಅಲುಗಾಡದೆ ಕುಳಿತರೆ ಸಾಕು, ಅಳತೆ ಫೋನಿನ ಮೂಲಕ ನನ್ನ ಕಂಪ್ಯೂಟರಿಗೆ ಬಂದು ಬೀಳುತ್ತದೆ.

ಅಳೆಯುವುದು ಏನನ್ನು ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟು. ಗುಂಡಿಗೆ ಸೆಕೆಂಡ್ ಮುಳ್ಳಿನ ಹಾಗೆ ಸಮನಾಗಿ ಬಡಿಯುವುದಿಲ್ಲ. ಎರಡು ಬಡಿತಗಳ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆಗುತ್ತಲೇ ಇರುತ್ತದೆ. ವಿಶ್ರಾಂತಿ ಸಿಕ್ಕ ದೇಹದಲ್ಲಿ ಈ ಏರುಪೇರು ಜಾಸ್ತಿ, ದಣಿದ ದೇಹದಲ್ಲಿ ಕಡಿಮೆ. ಇದನ್ನೂ ಹಿಂದಿನ ದಿನದ ಓಟವನ್ನೂ ನಿದ್ದೆಯನ್ನೂ ಕೂಡಿಸಿ ಪ್ರೋಗ್ರಾಂ ಒಂದು ಬಣ್ಣ ಕೊಡುತ್ತದೆ. ಹಸಿರು ಬಂದರೆ ಇವತ್ತು ಓಟದ ಭಾರ ಏರಿಸು, ಹಳದಿ ಬಂದರೆ ನಿನ್ನೆಯಷ್ಟೇ ಇರಲಿ, ಕೆಂಪು ಬಂದರೆ ಮನೆಯಲ್ಲಿ ಬಿದ್ದುಕೋ.

ದಾಳಿಂಬದ ಓಟಗಾರ್ತಿ ಸ್ವಾಮಿಗಳ ಮನೆಯವಳು. ಅವಳ ತಂದೆ ಸುತ್ತಲಿನ ಊರುಗಳ ಮನೆಗಳಿಗೆ ಪೂಜೆ, ಲಿಂಗಧಾರಣೆಗೆ ಹೋಗುವ ಜಂಗಮರು. ಹಿಂದಿನ ಭರ್ತಿಯಲ್ಲಿ ಇವಳು ಕೆಲವೇ ಸೆಕೆಂಡುಗಳಿಂದ ಅವಕಾಶ ಕಳೆದುಕೊಂಡಿದ್ದಳು. ಈ ಸಲವೂ ತಪ್ಪಿದರೆ, ಅದರ ಮುಂದಿನ ಭರ್ತಿ ಬರುವಷ್ಟರಲ್ಲಿ ವಯಸ್ಸಿನ ಮಿತಿ ದಾಟಿರುತ್ತದೆ. ಹಾಗಾಗಿ ಇದೇ ಕೊನೆಯದು. ಇದನ್ನು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರೂ ಸುತ್ತು ಮುಗಿಸಿ ಶೂ ಬಿಚ್ಚುವಾಗ ಇನ್ನೊಂದು ಸುತ್ತು ಹಾಕುತ್ತಿದ್ದಳು, ಅಷ್ಟೇ.

ಮೊಣಕಾಲ ಕೆಳಗಿನ ಎಲುಬಿನ ಮೇಲೆ ಅವಳು ಕೈಯಾಡಿಸಿಕೊಳ್ಳುವುದನ್ನು ನಾನು ಎರಡು ಮೂರು ಸಲ ಕಂಡೆ. ಕೇಳಿದರೆ, “ಏನಿಲ್ರೀ ಮ್ಯಾಡಂ, ಸೊಳ್ಳಿ ಕಡದದ” ಅಂದಳು. ಆ ಚಳಿಯಲ್ಲಿ, ಆ ಗಾಳಿಯಲ್ಲಿ, ಮೈದಾನದ ನಡುವೆ ಸೊಳ್ಳೆ.

ಅಕಾಡೆಮಿಯ ಮಾಲೀಕರು ಸೈನ್ಯದಿಂದ ಬಂದವರು, ಎಲ್ಲರಿಗೂ ಅವರು ‘ಸರ್’. ಅವಳ ಓಟ ಸ್ವಲ್ಪ ತಗ್ಗಿಸೋಣ ಎಂದು ಅವರಿಗೆ ಹೇಳಿದೆ.

“ಅಹೋ ಮ್ಯಾಡಂ, ಗಡಿಯಾರ ಹಸಿರು ಅಂತದ, ನೀವು ಬ್ಯಾಡ ಅಂತೀರಿ. ಹಂಗಿದ್ರ ಇಷ್ಟು ಗಡಿಯಾರ ಯಾಕ್ ತರ್ಸಿದ್ವಿ? ಜರಾ ಹೇಳ್ರಿ.”

ಗಡಿಯಾರ ತರಿಸುವಂತೆ ಅವರ ಬೆನ್ನು ಹತ್ತಿದವಳು ನಾನೇ.

ನನ್ನ ಕೆಲಸದಲ್ಲಿ ಅನುಮಾನವೇ ಬಂಡವಾಳ. ಮೊದಲು ಪಟ್ಟಿ ಸಡಿಲವಿದೆಯೇ ನೋಡಿದೆ. ಬಿಗಿಯಾಗಿಯೇ ಇತ್ತು. ಗಡಿಯಾರದ ಜೊತೆಗೆ ಬಂದಿದ್ದ ರಬ್ಬರ್ ಪಟ್ಟಿ ತೆಗೆದು, ಉಮರ್ಗಾದ ಅಂಗಡಿಯಿಂದ ಬಟ್ಟೆಯ ಪಟ್ಟಿ ತಂದು ಹಾಕಿಕೊಂಡಿದ್ದಳು. ಯಾಕೆ ಎಂದರೆ, “ಬಟ್ಟೀದ ಛಲೋ ಅದರೀ” ಅಂದಳು. ರಬ್ಬರು ಚರ್ಮಕ್ಕೆ ಒಗ್ಗಿರಲಿಕ್ಕಿಲ್ಲ ಎಂದು ಅಲ್ಲಿಗೇ ಬಿಟ್ಟೆ. ಬಳೆಗಳು ಮೇಲಿದ್ದವು, ದೀಪಕ್ಕೆ ಅಡ್ಡ ಬರುತ್ತಿರಲಿಲ್ಲ. ಮೆಹಂದಿ ಇರಲಿಲ್ಲ. ಗಡಿಯಾರವೇ ಕೆಟ್ಟಿದೆಯೇನೋ ಎಂದು ನನ್ನದನ್ನು ಬಿಚ್ಚಿ ಅವಳಿಗೆ ಕೊಟ್ಟು, ಅವಳದನ್ನು ನಾನು ಕಟ್ಟಿಕೊಂಡೆ. ಅವಳ ಗಡಿಯಾರ ನನಗೆ ಪ್ರಾಮಾಣಿಕವಾಗಿ ಹಳದಿ ತೋರಿಸಿತು. ನನ್ನ ಗಡಿಯಾರ ಅವಳ ಕೈಗೆ ಹೋದ ಮರುದಿನವೇ ಹಸಿರಾಯಿತು.

ಇನ್ನು ಉಳಿದದ್ದು ಒಂದೇ ಅನುಮಾನ. ಉದಗೀರದ ಒಬ್ಬ ಭೂಪ ಹಿಂದಿನ ವರ್ಷ ತನ್ನ ಗಡಿಯಾರವನ್ನು ಪಡಸಾಲೆಯಲ್ಲಿ ತೂಕಡಿಸುವ ಅಜ್ಜನ ಕೈಗೆ ಕಟ್ಟಿ ಅಳತೆ ಕಳಿಸುತ್ತಿದ್ದ. ಅಜ್ಜ ಒಂದು ತಿಂಗಳು ಹಸಿರಾಗಿಯೇ ಇದ್ದರು. ಹುಡುಗ ಮೈದಾನದಲ್ಲಿ ವಾಂತಿ ಮಾಡಿಕೊಂಡ ಮೇಲೆ ಗುಟ್ಟು ರಟ್ಟಾಯಿತು. ದಾಳಿಂಬದಲ್ಲೂ ಯಾರೋ ಅಜ್ಜನೋ ಅಜ್ಜಿಯೋ ಇವಳ ಪರವಾಗಿ ಕೂರುತ್ತಿದ್ದಾರೆ ಎಂದು ನಾನು ಹೆಚ್ಚುಕಡಿಮೆ ತೀರ್ಮಾನಿಸಿಬಿಟ್ಟೆ. ಸಿಟ್ಟೂ ಬಂತು. ಕಾಲು ಮುರಿದುಕೊಂಡು ಭರ್ತಿ ಕಳೆದುಕೊಳ್ಳುವುದಕ್ಕೆ ಇಷ್ಟು ಅವಸರವೇಕೆ?

ಹೇಳದೆ ಕೇಳದೆ ಒಂದು ಬೆಳಿಗ್ಗೆ ಉಮರ್ಗಾದಿಂದ ಷೇರ್ ಆಟೊ ಹಿಡಿದು ದಾಳಿಂಬಕ್ಕೆ ಹೋದೆ. ಹಾಲಿನ ಕ್ಯಾನುಗಳ ನಡುವೆ ಕಾಲು ಮಡಚಿ ಕೂರಬೇಕಾಯಿತು. ರಸ್ತೆಯ ಎರಡೂ ಕಡೆ ಜೋಳ ಮೊಣಕಾಲೆತ್ತರ ಬಂದಿತ್ತು.

ಅವಳ ತಂದೆ ಹೆಗಲಿಗೆ ಜೋಳಿಗೆ ಹಾಕಿಕೊಂಡು ಹೊಸ್ತಿಲ ಬಳಿ ಚಪ್ಪಲಿ ಹುಡುಕುತ್ತಿದ್ದರು. ನಮ್ಮದು ನಿಲಂಗಾದ ಕಡೆಯ ಭಕ್ತರ ಮನೆ, ಹೊಲಮನೆ ಮಾಡಿಕೊಂಡಿರುವವರು. ಸ್ವಾಮಿಗಳನ್ನು ಕಂಡರೆ ನಮ್ಮ ಸೊಂಟ ತಾನಾಗಿಯೇ ಬಾಗುತ್ತದೆ. ಕಳ್ಳತನ ಹಿಡಿಯಲು ಹೋದವಳು ಮೊದಲು ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

“ಶರಣ್ರೀ ಅಪ್ಪಾವ್ರ.”

“ಶರಣವಾ. ಇಷ್ಟು ಲಗೂನ ಬಂದೀರಿ? ಪೋರಿ ಏನರ ತಪ್ಪು ಮಾಡ್ಯಾಳೇನು?”

“ಇಲ್ರೀ, ಗಡಿಯಾರ ನೋಡೋದಿತ್ತು.”

“ಪೂಜಿಗಿ ಕುಂತಾಳ ನೋಡ್ರಿ. ಒಳಗ ಬರ್ರಿ, ಆಯಿ ಚಹಾ ಇಡ್ತಾಳ.”

ಒಳಗೆ ಅಜ್ಜಿ ಒಲೆಯ ಮುಂದಿದ್ದರು. ಅವರ ಕೈ ನೋಡಿದೆ. ಹಸಿರು ಬಳೆಗಳ ಹೊರತು ಏನೂ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಓಟಗಾರ್ತಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಹಣೆಗೆ ವಿಭೂತಿ ಧರಿಸಿ, ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ಎಡ ಅಂಗೈಯಲ್ಲಿ ಇಷ್ಟಲಿಂಗ. ಅದರ ಮೇಲೆ ಒಂದು ಪತ್ರಿ. ಬಲಗೈ ತೊಡೆಯ ಮೇಲೆ. ಉಸಿರು ಎಷ್ಟು ನಿಧಾನವಾಗಿತ್ತೆಂದರೆ ಬೆನ್ನು ಏರಿಳಿಯುವುದು ಕಣ್ಣಿಗೆ ಬೀಳುತ್ತಿರಲಿಲ್ಲ. ಲಿಂಗ ಹಿಡಿದ ಅಂಗೈಯಿಂದ ನಾಲ್ಕು ಬೆರಳು ಕೆಳಗೆ, ಬಟ್ಟೆಯ ಪಟ್ಟಿಯ ಗಡಿಯಾರ ಅಳತೆ ಮಾಡುತ್ತಿತ್ತು.

ನಾನು ಬಾಗಿಲಲ್ಲಿ ನಿಂತೇ ಇದ್ದೆ. ಲಿಂಗದ ಮೇಲೆ ನೆಟ್ಟ ಅವಳ ಕಣ್ಣು ಒಂದೆರಡು ಸಲ ಚೂರು ಕೆಳಗೆ ಜಾರಿ ಮತ್ತೆ ಮೇಲಕ್ಕೆ ಬಂತು. ನಿದ್ದೆ ಸಾಲದು, ಪಾಪ, ಅಂದುಕೊಂಡೆ. ಅಷ್ಟರಲ್ಲಿ ಗಡಿಯಾರ ಜುಂ ಎಂದಿತು. ನನ್ನ ಫೋನಿನಲ್ಲಿ ಹಸಿರು ಬಂದು ಬಿತ್ತು.

ತೀರ್ಥ ತೆಗೆದುಕೊಂಡು ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡ ಮೇಲೆ ಅವಳು ನನ್ನನ್ನು ಕಂಡು ಗಾಬರಿಯಾದಳು.

“ಅಳತಿ ದಿನಾ ಪೂಜ್ಯಾಗೇ ಮಾಡ್ತೀಯೇನವಾ?”

“ಹೌದ್ರೀ. ಮೂರು ನಿಮಿಷ ಅಲಗಾಡ್ಲಾರ್ದ ಕೂಡಬೇಕು ಅಂದಿದ್ರಲ್ರೀ. ನಮ್ಮ ಮನ್ಯಾಗ ನಾ ಅಲಗಾಡ್ಲಾರ್ದ ಕೂಡೋದು ಇದೊಂದೇ ಹೊತ್ತು.”

ಒಲೆಯ ಮುಂದಿನಿಂದ ಅಜ್ಜಿ ದನಿಗೂಡಿಸಿದರು. “ರಬ್ಬರ ಕಟ್ಕೊಂಡು ಲಿಂಗ ಹಿಡಿಬ್ಯಾಡ ಅಂತ ನಾನೇ ಬೈದೆ ನೋಡವಾ. ಹೋಗಿ ಬಟ್ಟೀದು ತಂದಳು.”

ಅವಳು ಮಾಡಿದ್ದರಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ಕುಳಿತಿದ್ದಳು, ಅಲುಗಾಡಿರಲಿಲ್ಲ, ಒಂದು ದಿನವೂ ತಪ್ಪಿಸಿರಲಿಲ್ಲ. ಆದರೆ ಉಸಿರನ್ನು ಹಾಗೆ ನೀಳವಾಗಿ ಎಳೆದು ಬಿಟ್ಟರೆ ಬಡಿತಗಳ ಏರುಪೇರು ತಾನಾಗಿ ಹೆಚ್ಚುತ್ತದೆ. ಹಿಂದಿನ ದಿನ ಎಷ್ಟೇ ದಣಿದಿರಲಿ, ಲಿಂಗ ಅಂಗೈಗೆ ಬಂದ ಮೇಲೆ ಅವಳ ಎದೆ ಶಾಂತವಾಗುತ್ತಿತ್ತು. ಚಿಕ್ಕಂದಿನಿಂದ ಮಾಡಿಕೊಂಡು ಬಂದ ಅಭ್ಯಾಸ. ಪ್ರೋಗ್ರಾಂ ಅದನ್ನು ಓದಿ, ಈಕೆಗೆ ಇನ್ನಷ್ಟು ಓಟ ಕೊಡು ಅನ್ನುತ್ತಿತ್ತು. ಬೇರೆಯವರು ಹಾಸಿಗೆಯಲ್ಲಿ ಆಕಳಿಸುತ್ತ ಗುಂಡಿ ಒತ್ತುತ್ತಾರೆ. ಪೂಜೆಯಲ್ಲಿ ಒತ್ತುವವಳೊಬ್ಬಳು ಇರಬಹುದೆಂದು ಪ್ರೋಗ್ರಾಂ ಬರೆದ ಪುಣೆಯವರಿಗೆ ಹೊಳೆಯದಿದ್ದರೆ ಆಶ್ಚರ್ಯವಿಲ್ಲ. ನನಗಾದರೂ ಹೊಳೆಯಬೇಕಿತ್ತು. ನನ್ನ ಲಿಂಗ ನಿಲಂಗಾದ ಮನೆಯಲ್ಲಿ, ದೇವರ ಗೂಡಿನಲ್ಲಿ, ಅವ್ವನ ಸುಪರ್ದಿನಲ್ಲಿದೆ. ಕಾಲೇಜಿನ ಹಾಸ್ಟೆಲಿಗೆ ಹೋಗುವಾಗ ಬಿಚ್ಚಿಟ್ಟದ್ದು ಮತ್ತೆ ಕಟ್ಟಿಕೊಂಡಿಲ್ಲ.

ಪರಿಹಾರ ಸುಲಭವೆಂದು ತೋರಿತು. ನಾಳೆಯಿಂದ ಎಚ್ಚರವಾದ ಕೂಡಲೇ, ಹಾಸಿಗೆಯಲ್ಲೇ ಅಳತೆ ಮಾಡು ಎಂದೆ. ಹೂಂ ಅಂದಳು. ಚಹಾ ಕುಡಿದು, ಬಹಳ ಜಾಣೆಯಂತೆ ಉಮರ್ಗಾಕ್ಕೆ ವಾಪಸಾದೆ.

ಮರುದಿನ ಅವಳ ಅಳತೆ ಕೆಂಪು. ಅದರ ಮರುದಿನವೂ ಕೆಂಪು. ಯಾಕೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪ್ರೋಗ್ರಾಂ ಪ್ರತಿಯೊಬ್ಬರನ್ನೂ ಅವರವರ ಹಿಂದಿನ ಸರಾಸರಿಯ ಜೊತೆ ಹೋಲಿಸುತ್ತದೆ. ಇವಳ ಸರಾಸರಿ ಕಟ್ಟಿದ್ದು ಪೂಜೆಯ ಅಳತೆಗಳಿಂದ. ಅದರ ಮುಂದೆ ಹಾಸಿಗೆಯ ಅಳತೆ, ಕಾಯಿಲೆ ಬಿದ್ದವಳ ಅಳತೆಯಂತೆ ಕಾಣುತ್ತಿತ್ತು. ಹೊಸ ಸರಾಸರಿ ಕೂಡಿಬರಲು ವಾರಗಳೇ ಬೇಕು ಎಂದು ಪುಣೆಯ ಕಂಪನಿಯವರು ಫೋನಿನಲ್ಲಿ ಹೇಳಿದರು. ಭರ್ತಿಯ ಓಟಕ್ಕೆ ಉಳಿದಿದ್ದುದೇ ಎರಡು ತಿಂಗಳು ಚಿಲ್ಲರೆ. ಬಣ್ಣ ನೋಡಬೇಡ, ನಾನು ಹೇಳಿದಷ್ಟೇ ಓಡು ಎಂದು ಅವಳಿಗೆ ತಿಳಿಸಿ ನಾನು ಉದಗೀರದ ಬಸ್ಸು ಹತ್ತಿದೆ. ಅಲ್ಲಿ ಹೊಸ ಬ್ಯಾಚಿಗೆ ಗಡಿಯಾರ ಹಂಚುವುದಿತ್ತು.

ಉದಗೀರದಲ್ಲಿದ್ದಾಗಲೇ ಒಂದು ಬೆಳಿಗ್ಗೆ ಅವಳ ಹೆಸರು ಮತ್ತೆ ಹಸಿರಾಯಿತು. ಮರುದಿನವೂ ಹಸಿರು. ಅಂದು ಸಂಜೆ ಸರ್ ಫೋನು ಮಾಡಿದರು. ಹಸಿರು ಕಂಡು ಅವಳನ್ನೂ ಸೇರಿಸಿ ಯೆಣೆಗೂರದ ಕಡೆ ಹೈವೇ ಅಂಚಿನಲ್ಲಿ ಗುಂಪನ್ನು ಓಡಿಸುವಾಗ ಅವಳು ಢಾಬಾ ಒಂದರ ಮುಂದೆ ಕುಸಿದು ಕುಳಿತಿದ್ದಳಂತೆ. ಕಾಲು ನೆಲಕ್ಕೆ ಊರಲಾಗದೆ ಉಳಿದ ಹುಡುಗಿಯರು ಎತ್ತಿಕೊಂಡು ಬಂದಿದ್ದರು.

ಮರುದಿನ ಅವಳನ್ನು ನಿಲಂಗಾದ ಎಲುಬಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಕೇಳಿದೆ.

“ಹಾಸಿಗ್ಯಾಗ ಅಳತಿ ಮಾಡು ಅಂದಿದ್ನಲ್ಲ?”

“ಮಾಡಿದ್ನಿರೀ. ಕೆಂಪು ನೋಡಿ ನೋಡಿ ಜೀವ ಹಾರಿತ್ತು. ಸರ್ ಭೀ ಕೇಳ್ಲತ್ತಿದ್ರು, ಏನ್ ಆಗ್ಯದ ನಿನಗ ಅಂತ. ಹಾಸಿಗ್ಯಾಗ ಕೆಂಪು, ಪೂಜ್ಯಾಗ ಹಸಿರು. ನಾ ಯಾವುದು ನಂಬ್ಲಿ ಹೇಳ್ರಿ? ಲಿಂಗದ ಮುಂದ ಬಂದದ್ದೇ ಖರೇ ಇರ್ತದ ಅನಿಸ್ತು.”

ಎರಡನ್ನೂ ಅಳೆದದ್ದು ಒಂದೇ ಗಡಿಯಾರ.

ಡಾಕ್ಟರ್ ಎಕ್ಸ್-ರೇ ಬೆಳಕಿಗೆ ಹಿಡಿದು ಮರಾಠಿಯಲ್ಲಿ ಹೇಳಿದ್ದರ ಸಾರ ಇಷ್ಟು: ಎಲುಬು ಮುರಿದಿಲ್ಲ, ಆದರೆ ಮುರಿಯುವ ದಾರಿ ಹಿಡಿದಿದೆ. ಮೂರು ವಾರ ಓಟ ಬಂದ್. ಆಮೇಲೂ ಅವಸರ ಮಾಡಿದರೆ ಭರ್ತಿಯ ಆಸೆ ಬಿಡಬೇಕು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಹೊರಗೆ ಬಂದು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತಾಗ ಸೆರಗಿನಂತೆ ದುಪಟ್ಟಾ ಬಾಯಿಗೆ ಒತ್ತಿಕೊಂಡು ಅತ್ತಳು. ನನಗೂ ಸಂಕಟವಾಯಿತು. ಸಮಾಧಾನದ ಮಾತು ನನಗೆ ಬರುವುದಿಲ್ಲ. ಎರಡು ಗ್ಲಾಸ್ ಕಬ್ಬಿನ ಹಾಲು ತಂದು ಒಂದನ್ನು ಅವಳ ಕೈಗಿಟ್ಟೆ.

ಸರ್ ಲೆಕ್ಕ ಬೇರೆಯಿತ್ತು. “ಬ್ಯಾಚಿನ್ಯಾಗ ಉಳದೋರು ಅದಾರ ಮ್ಯಾಡಂ. ಒಬ್ಬಾಕಿ ಹಿಂದ ಬಿದ್ದು ಕುಂತ್ರ ಹ್ಯಾಂಗ? ಆಕಿ ಹಣ್ಯಾಗ ಇಲ್ಲ ಅನ್ರಿ, ಬಿಡ್ರಿ.”

ಅವರು ಕೆಟ್ಟವರಲ್ಲ. ಸೈನ್ಯದಲ್ಲಿ ಕುಂಟುವವನನ್ನು ಬಿಟ್ಟು ಮುಂದೆ ನಡೆಯುವುದನ್ನು ಕಲಿತವರು. ಆದರೆ ಅವಳನ್ನು ಕುಂಟಿಸಿದ್ದು ಹಣೆಬರಹವಲ್ಲ, ನಾನು ನಡೆಸುತ್ತಿದ್ದ ಪ್ರೋಗ್ರಾಂ. ಹಾಗಾಗಿ ಬಿಡುವುದಕ್ಕೆ ಮನಸ್ಸು ಒಪ್ಪಲಿಲ್ಲ.

ಆ ಭಾನುವಾರ ನಿಲಂಗಾದ ಮನೆಯಲ್ಲಿ, ಅಂಗಳದ ಬಿಸಿಲಿಗೆ ಕುರ್ಚಿ ಹಾಕಿಕೊಂಡು, ಅವಳ ಅಷ್ಟೂ ದಿನಗಳ ಮೂಲ ಅಳತೆಗಳನ್ನು ತೆಗೆದು ಕುಳಿತೆ. ಬಣ್ಣ ಕೊಡುವ ಮೊದಲಿನ ಕಚ್ಚಾ ಮಾಲು ಅದು, ಒಂದೊಂದು ಬಡಿತವೂ ಪ್ರತ್ಯೇಕವಾಗಿ. ಪೂಜೆಯ ಅಳತೆ ಎಲ್ಲಾ ದಿನವೂ ಒಂದೇ ಥರ ಕಾಣುತ್ತದೆ, ಇದರಲ್ಲಿ ಏನು ಸಿಕ್ಕೀತು ಎಂಬ ಉದಾಸೀನದಲ್ಲೇ ಶುರು ಮಾಡಿದ್ದೆ. ಆದರೆ ಮೊದಲ ನಿಮಿಷ ಒಂದೇ ಥರ ಇರಲಿಲ್ಲ.

ಪ್ರೋಗ್ರಾಂ ಮೊದಲ ನಿಮಿಷವನ್ನು ಎಲ್ಲರದ್ದೂ ಬಿಸಾಡುತ್ತದೆ. ಆಗಷ್ಟೇ ಕುಳಿತವರ ಎದೆ ಇನ್ನೂ ನೆಲೆಗೆ ಬಂದಿರುವುದಿಲ್ಲ ಎಂಬುದು ಕಾರಣ. ಇವಳು ನೀರು ಹೊತ್ತು, ಅಂಗಳ ಸಾರಿಸಿ, ಸ್ನಾನ ಮುಗಿಸಿ ಬಂದು ಕುಳಿತು ಗುಂಡಿ ಒತ್ತುತ್ತಿದ್ದಳು. ಆಗ ಬಡಿತ ಜೋರಾಗಿರುತ್ತಿತ್ತು, ಲಿಂಗ ನೋಡುತ್ತ ನೋಡುತ್ತ ಇಳಿಯುತ್ತಿತ್ತು. ಕೆಲವು ದಿನ ಆ ಇಳಿತ, ಬಾವಿಗೆ ಬಿಟ್ಟ ಕೊಡದಂತೆ, ಸರ್ರನೆ ಆಗಿತ್ತು. ಕೆಲವು ದಿನ ತಡವರಿಸುತ್ತ, ನಿಂತು ನಿಂತು ಆಗಿತ್ತು. ತಡವರಿಸಿದ ದಿನಗಳನ್ನು ಮೈದಾನದ ಸಮಯಗಳ ಪಕ್ಕದಲ್ಲಿಟ್ಟೆ. ಹೆಚ್ಚಿನವು ಅವಳು ಕೆಟ್ಟದಾಗಿ ಓಡಿದ ದಿನಗಳೇ. ಎಲ್ಲವೂ ಅಲ್ಲ. ಒಂದೆರಡು ಉಲ್ಟಾ ಕೂಡ ಇದ್ದವು. ಯೆಣೆಗೂರದಲ್ಲಿ ಕುಸಿದ ದಿನದ ಇಳಿತ ಎಲ್ಲಕ್ಕಿಂತ ನಿಧಾನವಾಗಿತ್ತು.

ಅವ್ವ ಶೇಂಗಾ ಬಿಡಿಸುತ್ತ ಪಕ್ಕದಲ್ಲಿ ಕುಳಿತಿದ್ದಳು. “ಏನ್ ನೋಡ್ಲತ್ತಿ ಅಷ್ಟೊತ್ತಿಂದ?” ಅಂದಳು. ಸ್ವಾಮಿಗಳ ಮಗಳ ಪೂಜೆ ನೋಡುತ್ತಿದ್ದೇನೆ ಎಂದೆ. ಅವ್ವ ನನ್ನ ಮುಖ ನೋಡಿ, ಒಂದು ಹಿಡಿ ಶೇಂಗಾ ಮುಂದಿಟ್ಟಳು.

ಅಲ್ಲಿ ನಾನು ಒಂದು ನಿರ್ಧಾರಕ್ಕೆ ಬಂದೆ. ಅವಳ ಪದ್ಧತಿ ಬದಲಿಸುವ ಬದಲು ನನ್ನ ಲೆಕ್ಕ ಬದಲಿಸುವುದು. ದಿನಾ ಅದೇ ಹೊತ್ತು, ಅದೇ ಜಾಗ, ಅದೇ ಭಂಗಿ, ವರ್ಷಗಟ್ಟಲೆ ಒಂದೇ ರೀತಿ. ಇಷ್ಟು ಶಿಸ್ತಾಗಿ ಅಳತೆಗೆ ಕೂರುವವರು ನಮ್ಮ ಮೂರೂ ಶಾಖೆಯಲ್ಲಿ ಇನ್ನೊಬ್ಬರಿರಲಿಲ್ಲ. ಅವಳು ಪೂಜೆಯಲ್ಲೇ ಅಳತೆ ಮಾಡಲಿ. ನಾನು ಕೊನೆಯ ಎರಡು ನಿಮಿಷ ಬಿಟ್ಟು ಮೊದಲ ನಿಮಿಷ ಓದುತ್ತೇನೆ. ಇಳಿತ ಬೇಗವಾದರೆ ಹಸಿರು, ತಡವಾದರೆ ಕೆಂಪು. ಇದು ಯಾವ ಪುಸ್ತಕದಲ್ಲೂ ಇಲ್ಲ, ಒಬ್ಬಳ ಅಳತೆ ನಂಬಿ ಹೂಡುವ ಲೆಕ್ಕ. ತಪ್ಪಿದರೆ ಅವಳ ಕಾಲು ಹೋಗುತ್ತದೆ, ಭರ್ತಿಯೂ ಹೋಗುತ್ತದೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾದೀತು.

ಕಂಪನಿಯವರು ಅವಳೊಬ್ಬಳಿಗೆ ಬೇರೆ ನಿಯಮ ಬರೆದುಕೊಡಲು ಒಪ್ಪಿದರು. ಸರ್ ಒಪ್ಪಬೇಕಿತ್ತು.

“ಆಕೀದು ನಾ ನೋಡ್ಕೋತೀನಿ ಸರ್. ತಪ್ಪಿದ್ರ ಜಿಮ್ಮೇದಾರಿ ನಂದು.”

“ಬರ್, ಆತು. ತಪ್ಪಿದ್ರ ಸ್ವಾಮ್ಯಾರ ಮುಂದ ನಾ ನಿಂದ್ರಂಗಿಲ್ಲ. ನೀವೇ ನಿಂದ್ರಬೇಕು.”

“ನಿಂದರ್ತೀನ್ರೀ.”

ಮೂರು ವಾರ ಅವಳು ಓಡಲಿಲ್ಲ. ಅಣ್ಣನ ಹಳೆಯ ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಹಿಂದಿನ ಗಾಲಿಗೆ ಬ್ರೇಕಿನ ರಬ್ಬರು ತುಸು ತಾಗುವಂತೆ ಬಿಗಿದು, ಅಂಗಳದಲ್ಲೇ ತುಳಿದಳು. ಎಲುಬಿಗೆ ಪೆಟ್ಟಿಲ್ಲ, ಉಸಿರಿಗೆ ಕೆಲಸ ತಪ್ಪಲಿಲ್ಲ. ಸುತ್ತಲಿನ ಮನೆಯವರು ನಗುತ್ತಿದ್ದರಂತೆ, ಸ್ವಾಮ್ಯಾರ ಮಗಳು ಕುಂತಲ್ಲೇ ಸೋಲಾಪುರಕ್ಕೆ ಹೊಂಟಾಳ ಅಂತ. ನಾಲ್ಕನೆಯ ವಾರ ನಡಿಗೆ, ನಡುನಡುವೆ ಸ್ವಲ್ಪ ಓಟ. ಡಾಂಬರು ಬಿಡಿಸಿ, ತೊಗರಿ ಹೊಲಗಳ ನಡುವಿನ ಎರೆಮಣ್ಣಿನ ಬಂಡಿದಾರಿಯಲ್ಲಿ ಓಡಿಸಿದೆ. ಮಳೆಗಾಲದಲ್ಲಿ ಅದು ಶೂ ಕಿತ್ತುಕೊಳ್ಳುವ ಮಣ್ಣು, ಆ ದಿನಗಳಲ್ಲಿ ಹದವಾಗಿ ಒಣಗಿ ಕಾಲಿಗೆ ಮೆತ್ತಗಿತ್ತು.

ಹೊಸ ಲೆಕ್ಕಕ್ಕೆ ಪರೀಕ್ಷೆ ಬಂದದ್ದು ಒಂದು ಸೋಮವಾರ. ಅಂದು ಅವಳು ಮೈದಾನಕ್ಕೆ ನಗುತ್ತ ಬಂದಿದ್ದಳು. ಕಾಲು ನೋವಿಲ್ಲ, ಮೈ ಹಗುರ, ಇವತ್ತು ಪೂರ್ತಿ ಎಂಟುನೂರು ಓಡಿಸಿ ಎಂದು ದುಂಬಾಲು ಬಿದ್ದಳು. ಬೆಳಗಿನ ಇಳಿತ ಮಾತ್ರ ತಡವರಿಸಿತ್ತು. ಸರ್ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತಿದ್ದರು, ಉಳಿದ ಹುಡುಗಿಯರು ಗೆರೆಯ ಹಿಂದೆ ಕಾಯುತ್ತಿದ್ದರು. ಒಂದು ಕ್ಷಣ ನನಗೇ ನನ್ನ ಲೆಕ್ಕದ ಮೇಲೆ ನಂಬಿಕೆ ಹೋಯಿತು. ಆದರೂ ಮನೆಗೆ ಕಳಿಸಿದೆ. ಅವಳು ಮುಖ ಊದಿಸಿಕೊಂಡು ಹೋದಳು. ಸಂಜೆ ಅವಳ ತಂದೆಯ ಫೋನು ಬಂತು. “ಪೋರಿಗಿ ಜ್ವರ ಬಂದಾವ್ರೀ. ನಾಳಿಗಿ ಬರಂಗಿಲ್ಲ.” ಜ್ವರದ ಸುದ್ದಿ ಕೇಳಿ ಖುಷಿಪಟ್ಟದ್ದು ಜೀವನದಲ್ಲಿ ಅದೊಂದೇ ಸಲ. ಮರುದಿನದಿಂದ ಸರ್ ಅವಳ ಬಣ್ಣದ ಬಗ್ಗೆ ವಾದ ಮಾಡಲಿಲ್ಲ. ದೂರದಿಂದ ಹುಬ್ಬೇರಿಸುತ್ತಿದ್ದರು, ನಾನು ಕೈಸನ್ನೆ ಮಾಡುತ್ತಿದ್ದೆ.

ಸಮಯ ನಿಧಾನವಾಗಿ ಸುಧಾರಿಸಿತು. ಭರ್ತಿಗೆ ಹತ್ತು ದಿನ ಇರುವಾಗ ಹಿಂದಿನ ವರ್ಷದ ತನ್ನದೇ ಸಮಯವನ್ನು ಮುಟ್ಟಿದಳು. ಅದಕ್ಕಿಂತ ಚೂರು ಬೇಗ ಓಡಿದರೆ ಆಸೆಯಿತ್ತು.

ಓಟದ ದಿನ ಜಿಲ್ಲಾ ಕೇಂದ್ರದಲ್ಲಿ. ಹಿಂದಿನ ಸಂಜೆಯೇ ಅವಳು ಹೋಗಿ ನೆಂಟರ ಮನೆಯಲ್ಲಿ ಉಳಿದಿದ್ದಳು. ನಾನು ಉಳಿದ ಹುಡುಗಿಯರ ಜೊತೆ ಲಾಡ್ಜಿನಲ್ಲಿದ್ದೆ. ಬೆಳಿಗ್ಗೆ ಎಲ್ಲರ ಅಳತೆಗಳು ಬಂದವು. ಅವಳದು ಬರಲಿಲ್ಲ. ನೆಟ್‌ವರ್ಕ್ ಇರಲಿಕ್ಕಿಲ್ಲ ಎಂದು ಕಾದೆ. ಆಮೇಲೂ ಬರಲಿಲ್ಲ. ಜ್ವರವೇ? ಕಾಲು? ಫೋನು ಮಾಡಿದರೆ ಗಾಬರಿಯಾದಾಳು ಎಂದು ಕೈ ಬಿಗಿಹಿಡಿದು ಕುಳಿತೆ. ಅಷ್ಟು ದಿನ ಅವಳ ಎದೆಬಡಿತ ನೋಡಿಯೇ ನನ್ನ ಬೆಳಗು ಶುರುವಾಗುತ್ತಿತ್ತು. ಅದಿಲ್ಲದೆ ಅವಳು ಹೇಗಿದ್ದಾಳೆಂದು ನನಗೆ ಒಂದಿಷ್ಟೂ ಗೊತ್ತಿಲ್ಲ ಎಂಬುದು ಅವತ್ತು ಅರಿವಾಯಿತು.

ಪೊಲೀಸ್ ಮೈದಾನದ ಗೇಟಿನ ಹೊರಗೆ ಅವಳು ತಂದೆಯ ಜೊತೆ ನಿಂತಿದ್ದಳು. ಮುಖ ತಿಳಿಯಾಗಿತ್ತು. ಒಳಗೆ ಫೋನು, ಗಡಿಯಾರ ಯಾವುದನ್ನೂ ಬಿಡುವುದಿಲ್ಲ. ಸಮಯ ಅಳೆಯಲು ಅವರೇ ಕಾಲಿಗೆ ಚಿಪ್ ಕಟ್ಟುತ್ತಾರೆ. ಅವಳು ಚೀಲದಿಂದ ಗಡಿಯಾರ ತೆಗೆದು ನನ್ನ ಕೈಗಿಟ್ಟಳು. ಕೈಯಲ್ಲಿರದೆ ಚೀಲದಲ್ಲೇಕಿತ್ತು ಎಂದು ಕೇಳುವಷ್ಟರಲ್ಲಿ ಹೆಸರು ಕೂಗಿದರು. ಕರಡಿಗೆಯನ್ನು ಟೀ ಶರ್ಟಿನ ಒಳಗೆ ಸರಿಪಡಿಸಿಕೊಂಡು, ತಂದೆಯ ಕಾಲು ಮುಟ್ಟಿ, ಗೇಟು ದಾಟಿದಳು.

ಗೋಡೆಯಾಚೆ ಏನಾಗುತ್ತಿದೆ ಎಂದು ನಮಗೆ ಕಾಣುವಂತಿರಲಿಲ್ಲ. ಅವಳ ತಂದೆ ಬೇವಿನ ಮರದ ಕೆಳಗೆ ಕಣ್ಣು ಮುಚ್ಚಿ ಕುಳಿತರು. ನಾನು ಗಡಿಯಾರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತ ಅತ್ತಿತ್ತ ತಿರುಗಿದೆ. ಸೀಟಿಯ ಸದ್ದು ಎಷ್ಟೋ ಸಲ ಬಂತು. ಯಾವ ಸೀಟಿ ಅವಳದೋ ತಿಳಿಯದು.

ಬಹಳ ಹೊತ್ತಿನ ಮೇಲೆ ಅವಳು ಹೊರಬಂದಳು. ಬೆವರಿಗೆ ವಿಭೂತಿ ಅಳಿಸಿ ಹುಬ್ಬಿನವರೆಗೆ ಇಳಿದಿತ್ತು. ಕುಂಟುತ್ತಿರಲಿಲ್ಲ. ನಾನು ಮೊದಲು ನೋಡಿದ್ದೇ ಕಾಲು.

“ಆತ್ರೀ ಮ್ಯಾಡಂ. ಹ್ವಾದ ವರ್ಷಕಿಂತ ಆರು ಸೆಕೆಂಡ್ ಕಮ್ಮಿ.”

ಅಷ್ಟು ಸಾಕಾಗಿತ್ತು. ಮುಂದೆ ಕೆಲವು ವಾರಗಳಾದ ಮೇಲೆ ಬಂದ ಆಯ್ಕೆಪಟ್ಟಿಯಲ್ಲಿ ಅವಳ ಹೆಸರು ಕೊನೆಗಿಂತ ಸ್ವಲ್ಪ ಮೇಲಿತ್ತು. ಅಂದು ಗೇಟಿನ ಮುಂದೆ ಅವಳ ತಂದೆ ಅವಳ ತಲೆಯ ಮೇಲೆ ಕೈಯಿಟ್ಟರು. ನಾನು ಗಡಿಯಾರ ಅವಳ ಮುಂದೆ ಹಿಡಿದೆ. ಅವಳು ತಕ್ಷಣ ತೆಗೆದುಕೊಳ್ಳಲಿಲ್ಲ.

“ಇವತ್ತ ನಾ ಗುಂಡಿ ಒತ್ತಿಲ್ರೀ ಮ್ಯಾಡಂ.”

“ಮರತ್ಯಾ?”

“ಇಲ್ರೀ. ಬೇಕಂತೇ ಬಿಚ್ಚಿ ಚೀಲದಾಗ ಇಟ್ಟು ಕುಂತಿದ್ದೆ.” ತಂದೆಗೆ ಕೇಳಿಸದಂತೆ ದನಿ ತಗ್ಗಿಸಿದಳು. “ಇಷ್ಟು ತಿಂಗಳು ಲಿಂಗ ಅಂಗೈಯಾಗಿರ್ತಿತ್ತು, ಕಣ್ಣು ಗಡಿಯಾರದ ಮ್ಯಾಲ ಇರ್ತಿತ್ತು. ಹಸಿರು ಬರ್ಲಿ, ಹಸಿರು ಬರ್ಲಿ ಅಂತ ಬೇಡ್ಕೋತಿದ್ದೆ. ಇವತ್ತೊಂದಿನಾರ ಪೂಜಿ ಪೂಜೀನೇ ಆಗ್ಲಿ ಅಂದೆ.”

ದಾಳಿಂಬದ ಆ ಕೋಣೆಯ ಬಾಗಿಲಲ್ಲಿ ನಿಂತಾಗ ಅವಳ ಕಣ್ಣು ಕೆಳಗೆ ಜಾರಿದ್ದನ್ನು ನಾನು ಕಂಡಿದ್ದೆ. ನಿದ್ದೆ ಸಾಲದು ಎಂದುಕೊಂಡಿದ್ದೆ. ಅವಳ ಪೂಜೆಯ ಪ್ರತಿ ಬಡಿತವನ್ನೂ ಬಿಡಿಸಿ ಓದಿದ ನನಗೆ, ಆ ಹೊತ್ತಿನಲ್ಲಿ ಅವಳು ಏನು ಬೇಡುತ್ತಿದ್ದಾಳೆ ಎಂದು ಕೇಳಬೇಕೆಂದೇ ತೋರಿರಲಿಲ್ಲ. ನಾಚಿಕೆಯಾಯಿತು. “ಛಲೋ ಮಾಡಿದಿ” ಅಂದೆ. ಗಡಿಯಾರವನ್ನು ನನ್ನ ಚೀಲಕ್ಕೇ ಹಾಕಿಕೊಂಡೆ.

ಮರುದಿನ ಉಮರ್ಗಾದಲ್ಲಿ ಕಂಪ್ಯೂಟರ್ ತೆರೆದಾಗ ಪ್ರೋಗ್ರಾಂ ಅವಳ ಹೆಸರಿನ ಮುಂದೆ ಒಂದು ಪ್ರಶ್ನೆ ಇಟ್ಟುಕೊಂಡು ಕಾಯುತ್ತಿತ್ತು. ನಿನ್ನೆಯ ಅಳತೆ ಸಿಕ್ಕಿಲ್ಲ, ಹಿಂದಿನ ದಿನಗಳ ಆಧಾರದ ಮೇಲೆ ಅಂದಾಜು ತುಂಬಬೇಕೇ? ಇಂಥ ಪ್ರಶ್ನೆಗೆ ನಾನು ಸಾಮಾನ್ಯವಾಗಿ ಯೋಚಿಸದೆ ಹೌದು ಎಂದು ಒತ್ತುತ್ತೇನೆ. ಖಾಲಿ ಜಾಗವಿದ್ದರೆ ಸರಾಸರಿ ಕೆಡುತ್ತದೆ.

ಬೇಡ ಎಂದು ಒತ್ತಿದೆ. ಆ ಒಂದು ದಿನ ಈಗಲೂ ಖಾಲಿಯಿದೆ.